ನೆಲಗಪ್ಪೆ ಹೂಂ ಅಂದ ದಿನ

ಬೀದರ
ಸೋಮವಾರ, ತಾ. ೧೧ ಮಾರ್ಚ್ ೧೯೫೭

ಪ್ರೀತಿಯ ವಿಮಲಾ,

ನಿನ್ನ ನಾದಿನಿ ಅನುಸೂಯಾ ಮಾಡುವ ಶರಣು ಶರಣಾರ್ಥಿ. ಅಣ್ಣನಿಗೂ ನನ್ನ ಶರಣು ಮುಟ್ಟಿಸು. ಅಣ್ಣನ ಕೈ ಹಿಡಿದವಳನ್ನು ಅತ್ತಿಗೆ ಎಂದೇ ಬರೆಯಬೇಕು. ಆದರೆ ಭಾಲ್ಕಿಯ ಮಠದ ಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಅಕ್ಷರ ತಿದ್ದಿದವರು ನಾವು. ಲೇಖಣಿ ಹಿಡಿದರೆ ಕೈಗೆ ಬರುವುದು ವಿಮಲಾ ಎಂದೇ.

ನಿನ್ನ ಎರಡೂ ಕಾರ್ಡು ಮುಟ್ಟಿವೆ. ಸತ್ಯಮ್ಮ ಹೊಂದಿಕೊಂಡಳೇ, ಅಳಿಯನ ಮೈ ಹೇಗಿದೆ, ಒಂದು ಸಾಲಾದರೂ ಬರೆ ಎಂದು ಬರೆದಿದ್ದಿ. ಬರೆಯಲಿಲ್ಲ. ಪುರಸೊತ್ತು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಲಿಂಗಪೂಜೆ ಮುಗಿಸಿ ದಿನಾಲೂ ಕಾಗದ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಮೇಲೆ ಊರು, ತಾರೀಖು ಬರೆಯುತ್ತಿದ್ದೆ. ಮುಂದೆ ಏನೂ ಬರುತ್ತಿರಲಿಲ್ಲ. ಎದ್ದು ಜೋಳ ಹಸನು ಮಾಡುತ್ತಿದ್ದೆ. ಸಿಟ್ಟು ಮಾಡಬೇಡ.

ಮೊದಲು ನಿನ್ನ ಮಗಳ ಸುದ್ದಿ. ಚೆನ್ನಾಗಿದ್ದಾಳೆ. ಬಂದ ವಾರದಲ್ಲೇ ಹಿತ್ತಲು ಅಗೆದು ಕೊತ್ತಂಬರಿ, ಮೆಂತ್ಯೆ ಹಾಕಿದಳು. ರೊಟ್ಟಿ ನನಗಿಂತ ತೆಳ್ಳಗೆ ಬಡಿಯುತ್ತಾಳೆ. ನಮ್ಮ ಮನೆಯವರು ಅಂಗಡಿಯಿಂದ ಬಂದು ಉಣ್ಣಲು ಕೂತರೆ, "ಇವತ್ತಿನ ರೊಟ್ಟಿ ಯಾರ ಕೈದು?" ಎಂದು ಬೇಕೆಂದೇ ಕೇಳುತ್ತಾರೆ. ನನ್ನದು ಎಂದರೆ, "ಅದಕ್ಕೇ ಹಲ್ಲು ನೋಯ್ಲಿಕತ್ತಾವ" ಎನ್ನುತ್ತಾರೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ.

ಇನ್ನೊಂದು ನಗುವ ಸುದ್ದಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಿನ್ನ ಅಳಿಯ, ನನ್ನ ಮಗ ಬಕ್ಕಪ್ಪನ ಕಚೇರಿಯಲ್ಲಿ ಕಾಗದಪತ್ರ ಕನ್ನಡದಲ್ಲಿ ಬರೆಯಬೇಕು ಎನ್ನುತ್ತಿದ್ದಾರಂತೆ. ಅವನು ಓದಿದ್ದೆಲ್ಲ ಉರ್ದು. ಕನ್ನಡ ಮಾತಾಡುತ್ತಾನೆ, ಬರೆಯಲು ಕೂತರೆ ಬಲಗಡೆಯಿಂದ ಶುರು ಮಾಡುತ್ತಾನೆ. ಈಗ ಸಂಜೆ ನಿನ್ನ ಮಗಳು ಅವನಿಗೆ ಕಾಗುಣಿತ ತಿದ್ದಿಸುತ್ತಾಳೆ. ಪಕ್ಕದ ಮನೆಯ ಅಕ್ತರಬೀ ಗೋಡೆಯ ಮೇಲಿಂದ ಕತ್ತು ಹಾಕಿ, "ಏನ್ರಿ ಮಾಸ್ತರಬಾಯಿ, ಗಂಡಗ ಬರೇ ಬಾಯಿಲೆ ಹೇಳಿದ್ರ ತಲ್ಯಾಗ ಹೋಗಂಗಿಲ್ರಿ, ಒಂದ್ ಬೆತ್ತ ತಗೋರಿ" ಎಂದಳು. ನಿನ್ನ ಮಗಳು, "ಬೆತ್ತ ಯಾಕ್ರಿ, ರೊಟ್ಟಿ ಬಡಿಯೋ ಕೈ ಅದಲ್ರಿ" ಎಂದಳು. ಇಷ್ಟು ಬಾಯಿ ಯಾವಾಗ ಬಂತೋ ಅವಳಿಗೆ.

ಇಷ್ಟು ಬರೆದೆ. ಇನ್ನು ಬರೆಯಬೇಕಾದ್ದನ್ನು ಬರೆಯುತ್ತೇನೆ. ಅಣ್ಣ ಹೊಲದಿಂದ ಬಂದು, ಕೈಕಾಲು ತೊಳೆದು, ಊಟವಾದ ಮೇಲೆ ಓದಿ ಹೇಳು. ಉಣ್ಣುವ ಮೊದಲು ಬೇಡ.

ಬಕ್ಕಪ್ಪನ ರೋಗ ಹೋಗಿಲ್ಲ. ಎದೆಗೆ ಏರಿದೆ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿನಗೆ ಎಲ್ಲವೂ ಗೊತ್ತಿಲ್ಲ. ಹೋದ ಬೇಸಿಗೆಯಲ್ಲಿ ಮದುವೆಯಾಯಿತು. ದೀಪಾವಳಿ ಮುಗಿಸಿ ಸತ್ಯಮ್ಮನನ್ನು ಕಳಿಸುವುದು ಎಂದು ಮಾತಾಗಿತ್ತು. ಅಷ್ಟರಲ್ಲಿ ಇವನಿಗೆ ಗಡ್ಡೆ ಎದ್ದಿತು. ಎಲ್ಲಿ ಎಂದು ಅಣ್ಣನ ಮುಂದೆ ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ನಿನಗೆ ಕಿವಿಯಲ್ಲಿ ಹೇಳಿದ್ದೆ. ಗಂಡಸಿನ ಬೀಜದ ಗಡ್ಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ರೋಗಕ್ಕೆ ಆ ನಾಚಿಕೆ ಇಲ್ಲ. ಹೈದರಾಬಾದಿನ ದವಾಖಾನೆಯಲ್ಲಿ ಆ ಒಂದು ಬೀಜ ತೆಗೆದು, ಹೊಟ್ಟೆಗೆ ಎಕ್ಸರೇ ಯಂತ್ರದ ಬಿಜಲಿ ಶಾಖ ಕೊಟ್ಟರು. ಆಗ ನೀನು ಭಾಲ್ಕಿಯ ಮಠದಲ್ಲಿ ನನ್ನ ಕೈ ಹಿಡಿದು ಏನು ಅಂದಿ, ನೆನಪಿದೆಯೇ? "ಅನುಸೂಯಾ, ಡಾಕ್ಟರ ಬಾಯಿಲೆ ಸರಿ ಆಗ್ಯಾದ ಅನ್ನಿಸ್ಕೊಂಡು ಬಾ. ಅಂದ ಮರುದಿನ ಮಗಳ್ನ ಕಳಿಸ್ತೀನಿ. ಅಲ್ಲೀತನಕ ಕೇಳಬ್ಯಾಡ." ನ್ಯಾಯದ ಮಾತು. ನಾನೂ ಹೂಂ ಅಂದಿದ್ದೆ.

ಸರಿಯಾಗಿದೆಯೋ ಇಲ್ಲವೋ ನೋಡುವುದು ಹೇಗೆಂದರೆ ಕಪ್ಪೆಯಿಂದ. ನಗಬೇಡ. ಮಳೆ ಬಂದಾಗ ಕಟ್ಟೆಯ ಕೆಳಗಿಂದ ಹೊರಡುವ ನೆಲಗಪ್ಪೆ ಇರುತ್ತದಲ್ಲ, ಅದೇ. ರೋಗಿಯ ಮುಂಜಾನೆಯ ಮೂತ್ರ ತೆಗೆದು ಸೂಜಿಯಿಂದ ಗಂಡುಕಪ್ಪೆಯ ಮೈಗೆ ಹಾಕುತ್ತಾರೆ. ಮಧ್ಯಾಹ್ನದೊಳಗೆ ಕಪ್ಪೆಯ ಮೈಯಿಂದ ಒಂದು ಹನಿ ತೆಗೆದು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಕಾಜಿನ ಕೆಳಗೆ ನೋಡಿದರೆ ತಿಳಿಯುತ್ತದೆ. ಬಸುರಿ ಹೌದೋ ಅಲ್ಲವೋ ನೋಡುವುದಕ್ಕೂ ಇದೇ ಕಪ್ಪೆ, ಇವನ ರೋಗಕ್ಕೂ ಇದೇ ಕಪ್ಪೆ. ನವಂಬರಿನಲ್ಲಿ ಆಪರೇಶನ್ನಿಗೆ ಮೊದಲು ಒಮ್ಮೆ ನೋಡಿದ್ದರು, ಡಿಸೆಂಬರಿನಲ್ಲಿ ಒಮ್ಮೆ. ಆಗೆಲ್ಲ ನಮ್ಮ ಮನೆಯವರು ಜೊತೆಗೆ ಹೋಗಿದ್ದರು. ಆದರೆ ಡಾಕ್ಟರರ ಕೋಣೆಗೆ ಹೋಗುತ್ತಿದ್ದವನು ಬಕ್ಕಪ್ಪ ಒಬ್ಬನೇ. ಇವರು ಹೊರಗೆ ಇಬ್ಬರ ಚಪ್ಪಲಿ ಕಾಯುತ್ತಿದ್ದರು. ಮೊದಲನೆಯ ಸಲ ರೋಗ ಇದೆ ಎಂದರಂತೆ, ಎರಡನೆಯ ಸಲ ಕಾಣುವುದಿಲ್ಲ ಎಂದರಂತೆ, ಇನ್ನೊಮ್ಮೆ ನೋಡಿ ಖಾತ್ರಿ ಮಾಡೋಣ ಎಂದರಂತೆ. ನಮಗೆ ತಿಳಿದದ್ದು ಅಷ್ಟೇ.

ಜನವರಿಯಲ್ಲಿ ಸಂಕ್ರಾಂತಿಯ ಮಾಲು ಬಂದು ಇವರಿಗೆ ಅಂಗಡಿ ಬಿಡಲಾಗಲಿಲ್ಲ. ನಾನು ಹೋದೆ. ವಿಕಾರಾಬಾದ ಹಾಯ್ದು ರೈಲು. ಹಿಂದಿನ ದಿನವೇ ಹೋಗಿ ಧರ್ಮಶಾಲೆಯಲ್ಲಿ ಇಳಿದೆವು. ದವಾಖಾನೆಯ ಗುಮಾಸ್ತ ಊರು ಕೇಳಿ, "ನೀವೀಗ ಮೈಸೂರಿನವ್ರು. ಬೆಂಗಳೂರಿಗೆ ಹೋಗ್ರಿ, ಇಲ್ಲಿಗ್ಯಾಕ ಬಂದ್ರಿ?" ಎಂದ. ಬಕ್ಕಪ್ಪ, "ಸಾಹೇಬ, ಗಡ್ಡಿ ಎದ್ದಾಗ ನಾವು ನಿಮ್ಮ ರಾಜ್ಯದಾಗೇ ಇದ್ವಿ. ಗಡ್ಡಿ ನಿಮ್ದೇ. ಮನಷ್ಯಾ ಅಷ್ಟೇ ಮೈಸೂರಿಗಿ ಹೋಗ್ಯಾನ" ಎಂದ. ಗುಮಾಸ್ತ ನಕ್ಕು ಚೀಟಿ ಬರೆದುಕೊಟ್ಟ. ಇವನ ಮಾತು ನಿನಗೆ ಗೊತ್ತಲ್ಲ.

ಕಪ್ಪೆಯ ಕೋಣೆ ಹಿಂದುಗಡೆ. ಅಲ್ಲಿ ಅಬ್ದುಲ ಖಾದರ ಎಂಬುವವರಿದ್ದಾರೆ, ಕಪ್ಪೆ ಸಾಕುವುದು, ಬಾಟಲಿ ಇಸಿದುಕೊಳ್ಳುವುದು, ಫಲ ಕೂಗಿ ಹೇಳುವುದು ಎಲ್ಲ ಅವರೇ. ಜಹೀರಾಬಾದ ಕಡೆಯವರು, ನಮ್ಮ ಮಾತು ಬರುತ್ತದೆ. ಹಸಿ ಉಸುಕು ತುಂಬಿದ ಮಣ್ಣಿನ ಹರವಿಗಳಲ್ಲಿ ಕಪ್ಪೆ ಇಟ್ಟಿದ್ದರು. ನಾನು ಕೇಳಿದೆ, "ನಮ್ಮ ಸಲುವಾಗಿ ಆ ಜೀವ ಸಾಯ್ತದೇನ್ರಿ?" ಅವರು, "ಇಲ್ರಿ ಮಾಜಿ. ಸೂಜಿ ಚುಚ್ಚಿದ ಮ್ಯಾಲ ರಜಾ ಕೊಡ್ತೀನಿ. ನನಗಿಂತ ಅವಕ್ಕೇ ರಜಾ ಹೆಚ್ಚು. ಚಳಿಗಾಲದಾಗ ಮಣ್ಣಾಗ ಮಲಗಿರ್ತಾವ, ಎಬ್ಬಿಸಿ ತಂದ್ರ ಸಿಟ್ಟು ಬರ್ತದ, ಅಷ್ಟೇ" ಎಂದರು. ನಾನು ಹರವಿಗೂ ಕೈ ಮುಗಿದೆ.

ಅಲ್ಲಿ ಕಾಯುವವರೆಲ್ಲ ಹೆಂಗಸರು. ಅತ್ತೆಯರು, ತಾಯಂದಿರು, ಒಂದಿಬ್ಬರು ಸೊಸೆಯರು. ಅದಕ್ಕೇ ನಾಚಿ ಬಕ್ಕಪ್ಪ ದೂರ ಬೇವಿನ ಮರದ ಕೆಳಗೆ ಹೋಗಿ ಕೂತ. ಹೆಂಗಸಿನ ಹೆಸರು ಕೂಗುವ ರೂಢಿ ಅಲ್ಲಿ ಇಲ್ಲ. ಬಾಟಲಿಗೆ ಗಂಡನ ಹೆಸರು ಬರೆದು ಅಂಟಿಸುತ್ತಾರೆ, "ಇಂಥವರ ಮನಿಯವ್ರು" ಎಂದು ಕೂಗುತ್ತಾರೆ. ನಮ್ಮ ಬಾಟಲಿಯ ಮೇಲೆ ಬಕ್ಕಪ್ಪ, ಬೀದರ ಎಂದಿತ್ತು. ನನ್ನ ಮುಂದೆಯೇ ಒಬ್ಬಾಕೆಗೆ ಖಾದರ ಸಾಹೇಬರು "ಕಪ್ಪಿ ಏನೂ ಅನ್ಲಿಲ್ಲವ್ವ" ಎಂದರು. ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಇನ್ನೊಬ್ಬಾಕೆಗೆ "ಮುಬಾರಕ್, ಕಪ್ಪಿ ಹೂಂ ಅಂದದ" ಎಂದರು. ಅವಳು ಪೇಡೆ ಹಂಚಿದಳು, ನನಗೂ ಒಂದು ಕೊಟ್ಟಳು. ಕಪ್ಪೆ ಹೂಂ ಅಂದರೆ ಒಳ್ಳೆಯದು, ಸುಮ್ಮನಿದ್ದರೆ ಕೆಟ್ಟದ್ದು ಎಂದು ನನ್ನ ತಲೆಯಲ್ಲಿ ಕೂತಿತು. ಯಾರ ತಲೆಯಲ್ಲಾದರೂ ಹಾಗೇ ಕೂರುತ್ತದೆ.

ಆಮೇಲೆ ಅವರು "ಬಕ್ಕಪ್ಪನ ಮನಿಯವ್ರು, ಬೀದರ!" ಎಂದು ಕೂಗಿದರು. ನಾನು ಎದ್ದೆ. "ಮುಬಾರಕ್ ಮಾಜಿ! ಭಾಳ ಜೋರಿಲೆ ಹೂಂ ಅಂದದ ನಿಮ್ಮ ಕಪ್ಪಿ. ಬರೇ ಮುಬಾರಕ್ ಸಾಲಂಗಿಲ್ಲ, ಬಾಯಿ ಸಿಹಿ ಮಾಡ್ರಿ" ಎಂದರು. ಮಠದ ಕಲ್ಲುಸಕ್ಕರೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅವರಿಗೆ ಕೊಟ್ಟೆ, ಕೂತ ಹೆಂಗಸರಿಗೆಲ್ಲ ಕೊಟ್ಟೆ, ಗೋಡೆಗೆ ಮುಖ ಮಾಡಿ ಅತ್ತವಳ ಕೈಯಲ್ಲೂ ಒಂದು ಹರಳು ಇಟ್ಟೆ. ಮರದ ಹತ್ತಿರ ಹೋಗಿ ಬಕ್ಕಪ್ಪನಿಗೆ, "ಕಪ್ಪಿ ಹೂಂ ಅಂತಪ್ಪ, ಮುಬಾರಕ್ ಅಂದ್ರು, ಬಾಯಿ ತೆಗಿ" ಎಂದೆ. ಅವನು ನನ್ನ ಮುಖ ನೋಡಿದ. ಬಾಯಿ ತೆಗೆದ. ಸಕ್ಕರೆ ಹಾಕಿದೆ. ಅವನು ಒಳಗೆ ಡಾಕ್ಟರರ ಹತ್ತಿರ ಹೋಗಿ ಬಂದ. ಹೋಗೋಣ ಅವ್ವ ಎಂದ. ಬಂದೆವು.

ಖಾದರ ಸಾಹೇಬರದು ತಪ್ಪಿಲ್ಲ. ಆ ಕೋಣೆಗೆ ಬರುವ ನೂರು ಬಾಟಲಿಯಲ್ಲಿ ಗಂಡಸಿನದು ಒಂದೂ ಇರುವುದಿಲ್ಲವೋ ಏನೋ. ಬಕ್ಕಪ್ಪನ ಹೆಂಡತಿ ಬಸುರಿ, ನಾನು ಅತ್ತೆ ಎಂದು ತಿಳಿದುಕೊಂಡರು. ಅತ್ತೆಯಂತೂ ಹೌದು.

ಆ ವಾರವೇ ಹಸಿರು ಸೀರೆ, ಹೋಳಿಗೆ ಕಟ್ಟಿಕೊಟ್ಟೆ. ಬಕ್ಕಪ್ಪ ಔರಾದ ಬಸ್ಸು ಹತ್ತಿ ನಿಮ್ಮ ಚಿಂತಾಕಿಗೆ ಬಂದ. ಅಳಿಯ ತಾನೇ ಹೆಂಡತಿಯನ್ನು ಕರೆಯಲು ಬಂದನೆಂದು ನಿಮ್ಮ ಓಣಿಯಲ್ಲಿ ನಕ್ಕರಂತೆ. ಡಾಕ್ಟರು ಸರಿ ಅಂದರು ಎಂಬ ಮಾತಿನ ಮೇಲೆ ನೀನು ಉಡಿ ತುಂಬಿ ಕಳಿಸಿದಿ. ನೀನು ಆಡಿದ ಮಾತು ನೀನು ನಡೆಸಿದಿ.

ಶಿವರಾತ್ರಿಯ ಮುಂಚೆ ಕೆಮ್ಮು ಶುರುವಾಯಿತು. ಹವಾ ಎಂದೆವು. ಶಿವರಾತ್ರಿಯ ಮುಂಜಾನೆ ಟುವಾಲಿನಲ್ಲಿ ರಕ್ತ ಕಂಡಿತು. ಸತ್ಯಮ್ಮ ನೋಡುವ ಮೊದಲು ನಾನು ಅದನ್ನು ಒಗೆದು ಹಾಕಿದೆ. ಚೌಬಾರಾದ ಹತ್ತಿರದ ಡಾಕ್ಟರರ ಕಡೆ ನಾನು, ಅವನು ಹೋದೆವು. ಅವರು ಹೈದರಾಬಾದಿನ ಚೀಟಿ ಬಿಚ್ಚಿ ಓದಿ, "ಇದರಾಗ ಏನದ ಅಂತ ನಿಮಗ ತಿಳಿಸ್ಯಾರಿಲ್ಲ?" ಎಂದು ಕೇಳಿದರು. ನಾನು, "ತಿಳಿಸ್ಯಾರ್ರಿ. ಕಪ್ಪಿ ಹೂಂ ಅಂದದ" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹಾಲಿನಲ್ಲಿ, ಬೇಳೆಯಲ್ಲಿ ಮೈ ಕಟ್ಟುವ ಸತ್ವ ಇರುತ್ತದಲ್ಲ, ಆ ಜಾತಿಯ ಒಂದು ಸತ್ವ ಬಸುರಿಯ ಮೈಯಲ್ಲಿ ಹುಟ್ಟುತ್ತದೆ. ಗರ್ಭ ನಿಂತಾಗ ಮಾತ್ರ ಹುಟ್ಟುತ್ತದೆ. ಅದು ಮೂತ್ರಕ್ಕೆ ಇಳಿಯುತ್ತದೆ, ಕಪ್ಪೆಗೆ ತಿಳಿಯುತ್ತದೆ. ಗಂಡಸಿನ ಮೈಯಲ್ಲಿ ಅದು ಇರಬಾರದು. ಇಂಥ ಗಡ್ಡೆಗಳಲ್ಲಿ ಕೆಲವು ಗರ್ಭದ ಹಾಗೆ ನಡೆದುಕೊಂಡು ಅದೇ ಸತ್ವ ಮಾಡುತ್ತವೆ. ಗಡ್ಡೆ ತೆಗೆದ ಮೇಲೆ ಕಪ್ಪೆ ಸುಮ್ಮನಾದರೆ ಒಳ್ಳೆಯದು. ಮತ್ತೆ ಹೂಂ ಅಂದರೆ, ಕಣ್ಣಿಗೆ ಕಾಣದ ಕಡೆ ಎಲ್ಲೋ ಅದು ಚಿಗುರಿದೆ ಎಂದು. ಮೂತ್ರಕ್ಕೆ ನೀರು ಬೆರೆಸಿ, ಮತ್ತೆ ನೀರು ಬೆರೆಸಿ, ತೆಳ್ಳಗೆ ಮಾಡಿ ಕೊಟ್ಟರೂ ಕಪ್ಪೆ ಹೂಂ ಅಂದಿತ್ತಂತೆ. ಅಷ್ಟು ತುಂಬಿದೆ ಒಳಗೆ. "ಹಿಂಗಿದ್ರ ಮುಂದ ಹ್ಯಾಂಗ್ರಿ?" ಎಂದೆ. "ಮಳಿಗಾಲ ಕಂಡ್ರ ದೊಡ್ಡದು ತಾಯಿ. ನಮ್ಮ ಕಡೆ ಔಷಧ ಇಲ್ಲ, ಎಲ್ಲಿಯೂ ಇಲ್ಲ. ಅಲ್ಲಿ ಇಲ್ಲಿ ತಿರುಗಿಸಬ್ಯಾಡ್ರಿ" ಎಂದರು.

ಅಳು ಬರಲಿಲ್ಲ. ಬರುತ್ತದೆ ಎಂದು ಕಾಯ್ದೆ. ದಾರಿಯಲ್ಲಿ ಶಿವರಾತ್ರಿಗೆ ಗೆಣಸು ಕೊಂಡೆ. ಮನೆಗೆ ಬಂದು ಬೇಯಿಸಿದೆ. ಇವರಿಗೆ ಹೇಳಿದೆ. ಇವರು ಅಂಗಡಿಯ ಬೀಗದ ಕೈ ಹುಡುಕತೊಡಗಿದರು, ಅದು ಅವರ ಉಡದಾರದಲ್ಲೇ ಇತ್ತು. ಅಭಿಷೇಕಕ್ಕೆ ಹೋದೆ. ಎಲ್ಲರೂ ಏನೋ ಕೇಳಿಕೊಳ್ಳುತ್ತಿದ್ದರು. ನನಗೆ ಕೇಳಲು ಏನೂ ತೋಚಲಿಲ್ಲ. ಇಭೂತಿ ಹಚ್ಚಿಕೊಂಡು ಬಂದೆ. ದೇವರ ಮೇಲೆ ಮುನಿಸಿಲ್ಲ ವಿಮಲಾ. ಮುನಿಸಿಗೂ ಒಂದು ಕಸುವು ಬೇಕು.

ಸತ್ಯಮ್ಮನಿಗೆ ಇನ್ನೂ ಹೇಳಿಲ್ಲ. ಹವಾದ ಕೆಮ್ಮು ಎಂದೇ ತಿಳಿದು ಶುಂಠಿ ಕಷಾಯ ಮಾಡಿಕೊಡುತ್ತಾಳೆ. ಅವನು ಕುಡಿಯುತ್ತಾನೆ.

ಈಗ ನನ್ನ ಮಾತು ಕೇಳು. ಯುಗಾದಿ ಬಂತು. ಮದುವೆಯಾದ ಮೊದಲ ಯುಗಾದಿಗೆ ಹೆಣ್ಣು ತವರಿಗೆ ಹೋಗುವುದು ಇದ್ದದ್ದೇ, ಯಾರೂ ಏನೂ ಕೇಳುವುದಿಲ್ಲ. ನೀನು, ಅಣ್ಣ ಇಬ್ಬರೂ ಬಂದು ಅವಳನ್ನು ಕರೆದುಕೊಂಡು ಹೋಗಿ. ಮತ್ತೆ ಕಳಿಸಬೇಡಿ. ಇಲ್ಲಿ ಅವಳು ನೋಡಬೇಕಾದ್ದು ಏನೂ ಇಲ್ಲ. ಮುಂದೆ ವರುಷ ಕಳೆದ ಮೇಲೆ ನಮ್ಮಲ್ಲಿ ಉಡಿಕಿಯ ಮರುಮದುವೆ ಇದೆ, ಒಳ್ಳೆಯ ಮನೆ ನೋಡಿ ಇನ್ನೊಂದು ಸಲ ಸೀರೆ ಉಡಿಸಿ ಕೊಡಿ. ಜನ ನನ್ನನ್ನು ಕೇಳಿದರೆ ನಾನೇ ಹೇಳುತ್ತೇನೆ, ನಾನೇ ಕೊಡಿಸಿದೆ ಎಂದು. ಅವಳು ನನಗೆ ಸೊಸೆಯಾಗುವ ಮೊದಲು ಅಣ್ಣನ ಮಗಳು.

ಅಣ್ಣನ ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಬರುವಾಗ ಔರಾದದಲ್ಲಿ ಬಸ್ಸಿನ ಮುಂದಿನ ಸೀಟು ಹಿಡಿಯಿರಿ, ಹಿಂದೆ ಧೂಳು ಬಹಳ. ಬಸವಣ್ಣ ನಿಮ್ಮ ಮನೆಯ ದೀಪ ಕಾಯಲಿ. ಕೂಸುಗಳ ತಲೆ ಸವರಿ ನನ್ನ ಆಶೀರ್ವಾದ ಹೇಳು.

ನಿನ್ನ
ಅನುಸೂಯಾ

ತಾ. ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನೂ ಅಣ್ಣನಿಗೆ ಓದಿ ಹೇಳು.

ಮೇಲೆ ಬರೆದದ್ದನ್ನು ಓದಿದರೆ ಎಲ್ಲ ತಿಳಿಯದೆ ಆಯಿತು ಅನ್ನಿಸುತ್ತದೆ. ಅಣ್ಣನ ಮನಸ್ಸು ನನಗೆ ಗೊತ್ತು. ಪಾಪ, ಅವರಿಗೂ ತಿಳಿದಿರಲಿಲ್ಲ, ನಮ್ಮ ಹಣೆಬರಹ, ಹುಡುಗಿ ಅಲ್ಲೇ ಇರಲಿ ಎಂದು ಬಿಡುತ್ತಾನೆ. ಹಾಗೆ ಬಿಡಬಾರದು.

ಬಕ್ಕಪ್ಪನಿಗೆ ಗೊತ್ತಿತ್ತು.

ಚೌಬಾರಾದ ಡಾಕ್ಟರು ಹೇಳುವಾಗ ನಾನು ಅವನ ಮುಖ ನೋಡಿದೆ. ಅವನು ಕಿಟಕಿಯಾಚೆ ಟಾಂಗಾ ನೋಡುತ್ತಿದ್ದ. ಮನೆಗೆ ಬಂದು ಬಾವಿಯ ಹತ್ತಿರ ಕೇಳಿದೆ. "ನವಂಬರದಾಗೇ ತಿಳಿಸಿ ಹೇಳಿದ್ರವ್ವ. ಕಪ್ಪಿ ಮತ್ತ ಹೂಂ ಅಂದ್ರ ಮುಗೀತು ಅಂತ" ಎಂದ. ಮತ್ತೆ ಸಕ್ಕರೆ ಯಾಕೆ ತಿಂದಿ ಎಂದೆ. "ನೀ ನಗಲಿಕತ್ತಿದ್ದಿ" ಎಂದ. ಅಷ್ಟೇ ಆಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಚಿಂತಾಕಿಗೆ ಯಾಕೆ ಹೋದಿ ಎಂದೆ. ಕೊಡದ ಹಗ್ಗ ಸುತ್ತತೊಡಗಿದ. "ಲಗ್ನ ಆಗಿತ್ತಲ್ಲವ್ವ. ಸ್ವಲ್ಪ ದಿನ ಸಂಸಾರ ಮಾಡಬೇಕು ಅನ್ನಿಸ್ತು. ಖರೇ ಹೇಳಿದ್ರ ಮಾವ ಕಳಿಸ್ತಿದ್ದಿಲ್ಲ, ಆಕಿನೂ ಬರ್ತಿದ್ದಿಲ್ಲ" ಎಂದ.

ಇದನ್ನು ಬರೆದರೆ ಅಣ್ಣ ಅವನ ಮಣ್ಣಿಗೂ ಬರುವುದಿಲ್ಲ ಎಂದು ನನಗೆ ಗೊತ್ತು. ಬರೆದಿದ್ದೇನೆ.

ಅಂದು ಸಂಜೆ ಒಳಕೋಣೆ ಗುಡಿಸಿ, ಅವರಿಬ್ಬರ ಹಾಸಿಗೆ ನಾನೇ ಹಾಸಿದೆ. ಅಲ್ಲಿಂದ ದಿನಾಲೂ ನಾನೇ ಹಾಸುತ್ತಿದ್ದೇನೆ. ಬೇಗ ಬಾ ವಿಮಲಾ, ನನ್ನ ಕೈಲಿ ಬಿಡಲಾಗುತ್ತಿಲ್ಲ, ಇವತ್ತಿನದೂ ಹಾಸಬೇಕು.